ಸನ್ನಿ ಹಿಡಿದಾಗ ಬಂದ ಹೆಸರು

ಮದುವೆಯಾಗಿ ಇಪ್ಪತ್ತು ವರ್ಷವಾದರೂ ಶಿವಲಿಂಗವ್ವ ಒಮ್ಮೆಯೂ ನನ್ನ ಹೆಸರು ಹೇಳಿರಲಿಲ್ಲ. ನಮ್ಮ ಕಡೆ ಯಾವ ಹೆಂಗಸೂ ಗಂಡನ ಹೆಸರು ಹೇಳುವುದಿಲ್ಲ, ಅದರಲ್ಲಿ ಹೊಸದೇನಿಲ್ಲ. ಆದರೆ ನನ್ನ ಹೆಸರು ಅಂದಾನಪ್ಪ. ‘ಅವ ಹಂಗ ಅಂದಾನ, ಇವ ಹಿಂಗ ಅಂದಾನ’ ಎಂಬ ಮಾತಿಲ್ಲದೆ ನಮ್ಮೂರು ಗುಡೂರಿನಲ್ಲಿ ಒಂದು ಹೊತ್ತೂ ಕಳೆಯುವುದಿಲ್ಲ. ನನ್ನ ಹೆಂಡತಿ ಆ ಮಾತನ್ನೂ ಬಿಟ್ಟಿದ್ದಳು. ಯಾರು ಏನೇ ಅಂದಿರಲಿ, ಅವಳ ಬಾಯಲ್ಲಿ ‘ಹೇಳ್ಯಾನ’ ಎಂದೇ ಬರುತ್ತಿತ್ತು. ನಾನು ಹೊಲದಲ್ಲಿ ದೂರ ಇದ್ದರೆ ಬದುವಿನ ಮೇಲೆ ನಿಂತು ‘ಕೇಳಿಸ್ತೇನ್ರೀ’ ಎಂದು ಕೂಗುವಳು. ಸುತ್ತಲಿನ ಹೊಲದ ಗಂಡಸರೆಲ್ಲ ಒಮ್ಮೆಗೇ ‘ಓ’ ಅನ್ನುವರು.

ಇಂಥವಳಿಗೆ ಒಂದು ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಚಳಿಜ್ವರ ಬಂತು. ಊರಲ್ಲಿ ಭಾಳ ಮಂದಿಗೆ ಬಂದಿತ್ತು. ಕಷಾಯ ಕುಡಿದು ಕೌದಿ ಹೊದ್ದು ಮಲಗಿದಳು. ಸೋಮವಾರ ಬೆಳಿಗ್ಗೆ ನಾನು ಎಮ್ಮೆಗೆ ಮೇವು ಹಾಕುತ್ತಿದ್ದೆ. ಮನೆಯ ಒಳಗಿನಿಂದ ದನಿ ಬಂತು.

“ಲೇ ಅಂದಾನಪ್ಪಾ! ನೀರ ತಾರೋ!”

ಯಾರೋ ಗೆಳೆಯರು ಕರೆದರೆಂದು ನಾನು ಬೀದಿಯ ಕಡೆ ನೋಡಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಅಡಿಗೆ ಮನೆಯಲ್ಲಿ ನಮ್ಮ ಅವ್ವನ ಕೈಯಿಂದ ತಂಬಿಗೆ ಬಿದ್ದ ಸಪ್ಪಳವಾಯಿತು.

“ತಮ್ಮಾ, ನಿನ್ನ ಹೆಸರ ಹಿಡದ ಕರದ್ಲೋ!” ಅವ್ವ ಹೊರಗೆ ಓಡಿ ಬಂದಳು. “ಜ್ವರ ತಲಿಗೇರೇತಿ. ಸನ್ನಿ ಆಗೇತಿ. ಕೈಯಾಗಿನ ಮೇವ ಒಗದು ಮೊದಲ ದವಾಖಾನಿಗಿ ಒಯ್ಯಿ!”

ನಮ್ಮ ಅಣ್ಣ ಹೀಗೆಯೇ ಜ್ವರದಲ್ಲಿ ಸನ್ನಿ ಹಿಡಿದು, ಇಲ್ಲದ ಎತ್ತಿಗೆ ನೀರು ಕುಡಿಸುತ್ತ ಕುಡಿಸುತ್ತ ತೀರಿಹೋಗಿದ್ದ. ನೆರೆಮನೆಯ ಹುಸೇನಸಾಬನ ಎತ್ತಿನ ಚಕ್ಕಡಿಯಲ್ಲಿ ಅವಳನ್ನು ಅಮೀನಗಡಕ್ಕೆ ಒಯ್ದು, ಅಲ್ಲಿಂದ ಬಸ್ಸಿಗೆ ಹಾಕಿಕೊಂಡು ಬಾಗಲಕೋಟೆಯ ದವಾಖಾನೆ ಮುಟ್ಟಿಸಿದೆ. ಬಸ್ಸಿನಲ್ಲಿ ಬೆವರು ಬಿಟ್ಟು ಮೈ ತಣ್ಣಗಾಗಿತ್ತು. ಆರಾಮ ಇದ್ದವಳಂತೆ ಕುಳಿತಿದ್ದಳು. ಕಣ್ಣು ಮಾತ್ರ ಎಲ್ಲೋ ಇದ್ದವು.

ತುರ್ತು ರೋಗಿಗಳ ಖೋಲಿಯಲ್ಲಿ ಮೈಸೂರು ಕಡೆಯ ಹರೆಯದ ಡಾಕ್ಟರರಿದ್ದರು. ಒಳ್ಳೆಯ ಮನುಷ್ಯ, ಆದರೆ ನಮ್ಮ ಕಡೆಗೆ ಹೊಸಬರು. ಜ್ವರ ಅಂತ ಬಂದವರಿಗೆ ನಾಡಿ ನೋಡುವ ಮೊದಲೇ ನಾಲ್ಕು ಪ್ರಶ್ನೆ ಕೇಳುವರು. ನಿನ್ನ ಹೆಸರೇನು, ಇದು ಯಾವ ಜಾಗ, ಇವತ್ತು ಯಾವ ವಾರ, ಜೊತೆಗೆ ಬಂದವರು ಯಾರು. ನಾಲ್ಕೂ ಸರಿ ಹೇಳಿದರೆ ಸನ್ನಿ ಇಲ್ಲ. ತಪ್ಪಿದರೆ ಇದೆ. ಅವರು ಕಲಿತು ಬಂದ ಲೆಕ್ಕ ಅದು.

ಮೊದಲು ನನ್ನ ಕಡೆ ತಿರುಗಿದರು. “ನೀವು ಯಾರು?”

“ಅಂದಾನಪ್ಪ ರೀ.”

“ಯಾರು ಏನು ಅಂದರಪ್ಪ?”

“ಯಾರೂ ಏನೂ ಅಂದಿಲ್ರಿ. ನಾನ ಅಂದಾನಪ್ಪ.”

ಡಾಕ್ಟರರು ನನ್ನ ಹಣೆ ಮುಟ್ಟಿ ನೋಡಿದರು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಕೆರೂರಿನ ಮಾಬುಬಿ ಎಂಬ ಹೆಂಗಸು, “ಅದು ಅವ್ರ ಹೆಸರ ರೀ ಸಾಹೇಬ್ರ,” ಎಂದು ನನ್ನನ್ನು ಬಿಡಿಸಿದಳು.

ಆಮೇಲೆ ಶಿವಲಿಂಗವ್ವನ ಪಾಳಿ. ತನ್ನ ಹೆಸರು ಹೇಳಿದಳು. ದವಾಖಾನಿ ಅಂದಳು. ಸೋಮವಾರ ಅಂದಳು. ಡಾಕ್ಟರರು ನನ್ನತ್ತ ಬೆರಳು ಮಾಡಿ, “ಇವರು ಯಾರು?” ಎಂದರು.

“ಅಂವಾ? ಅಂವ ಅಂದಾನಪ್ಪ!” ಖೋಲಿಗೆಲ್ಲ ಕೇಳುವಂತೆ ಒದರಿದಳು.

“ಯಾ ಅಲ್ಲಾ,” ಎಂದು ಮಾಬುಬಿ ಸೆರಗು ಬಾಯಿಗೆ ಹಿಡಿದಳು.

“ನಾಲ್ಕೂ ಸರಿ!” ಡಾಕ್ಟರರಿಗೆ ಸಂತೋಷವಾಯಿತು. “ಬುದ್ಧಿ ನೆಟ್ಟಗಿದೆ. ಗುಳಿಗೆ ಕೊಡುತ್ತೇನೆ, ಮನೆಗೆ ಕರೆದುಕೊಂಡು ಹೋಗಿ.”

“ಮೂರ ಸರಿ ಅದಾವ್ರಿ. ನಾಕನೇದು ತಪ್ಪೈತ್ರಿ,” ಎಂದೆ.

“ನಿಮ್ಮ ಹೆಸರು ಅಂದಾನಪ್ಪ ಅಲ್ಲವೇ?”

“ಹೌದ್ರಿ.”

“ಮತ್ತೆ, ಸರಿಯಾಗಿ ಹೇಳಿದರಲ್ಲ?”

“ಸರಿಯಾಗಿ ಹೇಳಿದ್ದ ತಪ್ಪರಿ.”

“ಹಾಗಾದರೆ ಏನು ಹೇಳಬೇಕಿತ್ತು?”

“ಏನೂ ಹೇಳಬಾರದಾಗಿತ್ರಿ.”

ಡಾಕ್ಟರರು ಮತ್ತೊಮ್ಮೆ ನನ್ನ ಹಣೆ ಮುಟ್ಟಿದರು. ನಾನು ಕೈಮುಗಿದೆ. ಸಂಜೆಯ ಬಸ್ಸಿನಲ್ಲಿ ಹಿಂದಕ್ಕೆ ಒಯ್ದರೆ ಊರು ಮುಟ್ಟುವುದರೊಳಗೆ ಏನಾದರೂ ಆದೀತು ಎಂದು ಹೇಳಿಕೊಂಡೆ. ಅವರಿಗೂ ಅವರ ಕಷ್ಟ. ಮಂಚ ಕಡಿಮೆ, ಬಾಗಿಲಲ್ಲಿ ಮಂದಿ ಕಾಯುತ್ತಿತ್ತು. ಗುಳಿಗೆಯ ಪುಡಿಕೆ ನನ್ನ ಕೈಗಿಟ್ಟರು. ನಾನು ಅದನ್ನು ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕುಳಿತೆ. ಏಳಲಿಲ್ಲ.

ಅಷ್ಟರಲ್ಲಿ ಶಿವಲಿಂಗವ್ವನಿಗೆ ಮತ್ತೆ ಚಳಿ ಹತ್ತಿತು. ಹಲ್ಲು ಕಟಕಟ ಅನ್ನತೊಡಗಿದವು. ಮಂಚದ ಬದಿಯಲ್ಲಿ ಸಲಾಯಿನ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬವಿತ್ತು. ಅದರ ಮೈದಡವಿ ಮರುಗಿದಳು.

“ಅಂದಾನಪ್ಪಾ, ಯಾಕೋ ಹಿಂಗ ಒಣಗೀದಿ? ರೊಟ್ಟಿ ಯಾರೂ ಹಾಕಿಲ್ಲೇನೋ?”

ಡಾಕ್ಟರರು ತಿರುಗಿದರು. ಅವಳು ಅವರನ್ನೂ ಮೇಲಿಂದ ಕೆಳಗಿನ ತನಕ ನೋಡಿದಳು.

“ನೀನೂ ಬಂದ್ಯಾ ಅಂದಾನಪ್ಪಾ? ಮೀಸಿ ಎಲ್ಲಿ ಮರತ ಬಂದೀ?”

ಡಾಕ್ಟರರ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ಅವಳನ್ನು ಅಲ್ಲೇ ಇಟ್ಟುಕೊಂಡರು. ರಕ್ತ ತೆಗೆಸಿದರು, ಮಲೇರಿಯಾ ಎಂದರು, ಸೂಜಿ ಮಾಡಿದರು. ಅವಳು ಒಣಗಿದನೆಂದು ಮರುಗಿದ ಕಂಬಕ್ಕೇ ಬಾಟಲಿ ತೂಗುಹಾಕಿಸಿದರು. ರಾತ್ರಿ ಅವರು ಮನೆಗೂ ಹೋಗಲಿಲ್ಲ. ಅದನ್ನು ನಾನು ಮರೆತಿಲ್ಲ.

ಬುಧವಾರ ಬೆಳಿಗ್ಗೆ ಜ್ವರ ಪೂರಾ ಬಿಟ್ಟಿತು. ಶಿವಲಿಂಗವ್ವ ಕಣ್ಣು ತೆರೆದು ಸೆರಗು ಸರಿಮಾಡಿಕೊಂಡಳು.

“ಕೇಳಿಸ್ತೇನ್ರಿ, ಎಮ್ಮಿ ಯಾರ ಹಿಂಡ್ಯಾರ?”

ನನಗೆ ಅಳು ಬಂತು. ಕೇಳಿಸ್ತು ಎಂದೆ.

ನಾನು ಕಣ್ಣು ಒರೆಸಿಕೊಳ್ಳುವಾಗ ಡಾಕ್ಟರರು ಬಂದು ತಮ್ಮ ನಾಲ್ಕು ಪ್ರಶ್ನೆ ತೆಗೆದರು. ಮೂರಕ್ಕೆ ಚೊಕ್ಕಾಗಿ ಹೇಳಿದಳು. ನಾಲ್ಕನೆಯದಕ್ಕೆ ಸೆರಗು ಮೂಗಿನ ತನಕ ಇಳಿಯಿತು.

“ನಮ್ಮ ಮನಿಯವ್ರು.”

“ಸರಿ. ಹೆಸರು?”

ಸೆರಗು ಗದ್ದದ ತನಕ ಇಳಿಯಿತು.

“ಸೋಮವಾರ ಚೆನ್ನಾಗಿ ಹೇಳಿದ್ದಿರಲ್ಲ?”

“ನಾನ? ಶಿವಶಿವಾ! ಓದಿದವ್ರು ಹಿಂಗ ಸುಳ್ಳ ಹೇಳಬಾರದ್ರಿ.”

ಡಾಕ್ಟರರ ಮುಖ ಸಣ್ಣದಾಯಿತು. ನನ್ನನ್ನು ಬದಿಗೆ ಕರೆದರು. “ಜ್ವರ ಹೋಗಿದೆ, ಆದರೆ ನೆನಪು ಕೆಟ್ಟಿದೆ. ಗಂಡನ ಹೆಸರೇ ಉಳಿದಿಲ್ಲ. ನನಗೆ ಧೈರ್ಯ ಸಾಲದು. ಧಾರವಾಡಕ್ಕೆ ಕಳಿಸುತ್ತೇನೆ.”

ನಮ್ಮ ಮಂದಿ ಧಾರವಾಡಕ್ಕೆ ಹೋಗುವುದು ಎರಡೇ ಕೆಲಸಕ್ಕೆ. ಒಂದು ಓದಲಿಕ್ಕೆ, ಇನ್ನೊಂದು ತಲೆ ಕೆಟ್ಟಾಗ. ಶಿವಲಿಂಗವ್ವ ಸಾಲಿಗೆ ಹೋಗುವ ವಯಸ್ಸಿನವಳಲ್ಲ.

“ಸಾಹೇಬ್ರ, ಹೆಸರ ಹೇಳಲಿಲ್ಲಂದ್ರ ಆಕಿ ಆರಾಮ ಆಗ್ಯಾಳ್ರಿ,” ಎಂದೆ.

“ಅಂದಾನಪ್ಪನವರೇ, ಸೋಮವಾರ ಹೇಳಿದರೆ ಹುಚ್ಚು ಅಂದಿರಿ. ಇವತ್ತು ಹೇಳದಿದ್ದರೆ ಗುಣ ಅನ್ನುತ್ತೀರಿ. ನಾನು ಯಾವುದನ್ನು ನಂಬಲಿ?”

ಮಾಬುಬಿ ಮಂಚದಿಂದ ಕೂಗಿದಳು.

“ಲಗ್ನದಾಗ ಹೆಂಗ ಹೇಳಿದ್ದಿ ತಂಗೀ? ಹಂಗ ಒಡಪ ಹಾಕಿ ಹೇಳ. ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ.”

ಲಗ್ನದಲ್ಲಿ, ಶುಭಕಾರ್ಯದಲ್ಲಿ ಹೆಂಗಸರು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರೆ. ಅದು ಒಡಪು. ನಾನು ಡಾಕ್ಟರರಿಗೆ ತಿಳಿಸಿ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು. ಶಿವಲಿಂಗವ್ವ ಸೂಜಿ ಚುಚ್ಚಿಸಿಕೊಂಡ ತೋಳು ತಿಕ್ಕುತ್ತ ಗೋಡೆ ನೋಡಿದಳು. ತುಟಿ ಪಿಟಿಪಿಟಿ ಅಂದವು. ಲಗ್ನದ ದಿನ ಇವಳು ಅರ್ಧ ಒಡಪಿಗೆ ನಿಂತು ಅತ್ತವಳು.

ಆಮೇಲೆ ಒಂದೇ ಉಸುರಿಗೆ ಹೇಳಿದಳು:

“ಬಾಗಲಕೋಟಿ ದವಾಖಾನ್ಯಾಗ ಬುಧವಾರ ಬೆಳಗಾತು,
ಸೂಜಿ ಚುಚ್ಚಿ ಚುಚ್ಚಿ ನನ್ನ ತೋಳ ಜರಡಿ ಆತು,
ಜ್ವರ ಹೋತು, ಚಳಿ ಹೋತು, ಡಾಕ್ಟರ ಸಂಶಯ ಹೋಗವಲ್ದು,
ಅಂದಾನಪ್ಪನ ಹೆಸರ ಕೇಳದ ಅವ್ರಿಗಿ ಅನ್ನ ಸೇರವಲ್ದು!”

ಖೋಲಿಯೆಲ್ಲ ನಕ್ಕಿತು. ಬಾಗಿಲಲ್ಲಿ ಕಾಯುತ್ತಿದ್ದ ರೋಗಿಗಳೂ ಕೆಮ್ಮುತ್ತ ನಕ್ಕರು. ಡಾಕ್ಟರರು ಬೆರಳು ಮಡಚಿ ಎಣಿಸಿದರು. “ಜಾಗ ಸರಿ. ವಾರ ಸರಿ. ಗಂಡ ಸರಿ. ಡಾಕ್ಟರ್ ಕೂಡ ಸರಿ.” ತಾವೂ ನಕ್ಕು, ಮನೆಗೆ ಹೋಗಿ ಎಂದರು. ಹಾಗೇ ಹುರುಪಿನಲ್ಲಿ ಮಾಬುಬಿಯ ಕಡೆ ತಿರುಗಿ, “ನೀವೂ ಒಂದು ಹೇಳಿ ನೋಡೋಣ,” ಎಂದರು.

“ನಂದು ಕಾಲ ಮುರದೈತ್ರಿ, ತಲಿ ಅಲ್ಲ,” ಎಂದು ಅವಳು ಮಗ್ಗಲು ಬದಲಿಸಿದಳು.

ಮಧ್ಯಾಹ್ನದ ಬಸ್ಸಿನಲ್ಲಿ ಶಿವಲಿಂಗವ್ವ ಕಿಟಕಿಯ ಬದಿಗೆ ಕುಳಿತಳು. ಊರ ಹೊರಗೆ ಬಂದ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

“ಖರೆ ಹೇಳ್ರಿ. ಸೋಮವಾರ ನಾ ಹೆಸರ ಹೇಳಿದ್ನೇನು?”

“ಇಲ್ಲ. ಆ ಡಾಕ್ಟರಿಗಿ ನಮ್ಮ ಮಾತ ತಿಳಿಯಂಗಿಲ್ಲ.”

“ಮಾಬುಬಿ ಅಕ್ಕ ಎಲ್ಲಾ ಹೇಳ್ಯಾಳ.”

ಮುಖ ಕಿಟಕಿಗೆ ತಿರುಗಿಸಿದಳು. ಅವಳ ಭುಜ ಅಲುಗತೊಡಗಿದವು. ಚಳಿ ಮತ್ತೆ ಬಂತು ಎಂದು ನನಗೆ ದಿಗಿಲಾಯಿತು. ಹೆಗಲ ಮೇಲಿನ ವಲ್ಲಿ ತೆಗೆದು ಅವಳಿಗೆ ಹೊದಿಸಿ, ಬಾಗಿ ನೋಡಿದೆ. ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ಆದರೂ ಇರಲಿ ಎಂದು ಹಣೆಯ ಮೇಲೆ ಕೈ ಇಟ್ಟೆ. ತಣ್ಣಗಿತ್ತು.

“ಕೈ ತಗೀರಿ,” ಎಂದಳು. “ಮಂದಿ ನೋಡ್ತಾರ.”