ಎಡಗಡೆಯ ಎಂಜಿನ್

"ಇದು ಬಾಲದ್ದಲ್ಲ," ಎಂದ ತನಿಖೆಗೆ ಟೋಕಿಯೋದಿಂದ ಬಂದಿದ್ದ ಎಂಜಿನಿಯರ್ ಇಸೊಗಾಯ್. ಯೋನೆ ತಂದುಕೊಟ್ಟ ತಗಡನ್ನು ಬೆಳಕಿಗೆ ಹಿಡಿದು, ಮಗುವಿನ ಅಂಗಿಯ ತೋಳು ಯಾವ ಕಡೆಯದೆಂದು ನೋಡುವವನಂತೆ ಹಿಂದುಮುಂದು ತಿರುಗಿಸುತ್ತಿದ್ದ. "ರೆಕ್ಕೇದು. ಎಡಗಡೆ ರೆಕ್ಕೆ. ಎಲ್ಲಿ ಸಿಕ್ತು?"

"ಕರಿಬಂಡೆ ಹತ್ರ. ಪಾಚಿ ಒಳಗೆ ಸಿಕ್ಕಿಹಾಕ್ಕೊಂಡಿತ್ತು."

ಮೀನುಗಾರರ ಬಲೆ ಒಣಗಿಸುವ ಕೊಟ್ಟಿಗೆ ಅದು. ಅದರ ನೆಲದ ಉದ್ದಕ್ಕೂ ಸುಣ್ಣದಲ್ಲಿ ಒಂದು ವಿಮಾನದ ಆಕಾರ ಬರೆದಿತ್ತು. ಇಸೊಗಾಯ್ ಗೆರೆ ಅಳಿಸದಂತೆ ಬರಿಗಾಲಲ್ಲಿ ಒಳಗೆ ಹೋಗಿ, ತಗಡನ್ನು ಅದರ ಜಾಗದಲ್ಲಿಟ್ಟು, ಸ್ವಲ್ಪ ಓರೆ ಮಾಡಿ, ಮತ್ತೆ ನೇರ ಮಾಡಿದ. ಉಳಿದ ಹೆಂಗಸರು ತಂದದ್ದನ್ನು ಬಾಗಿಲಲ್ಲಿ ಸುರಿದು ಬೆಂಕಿ ಕಾಯಿಸಿಕೊಳ್ಳಲು ಓಡಿದ್ದರು. ಯೋನೆ ಮಾತ್ರ ಒದ್ದೆ ಬಟ್ಟೆಯಲ್ಲೇ ನಿಂತಿದ್ದಳು.

ಟೋಕಿಯೋದಿಂದ ದಕ್ಷಿಣಕ್ಕೆ ಹೊರಟ ವಿಮಾನವೊಂದು ಚೆರಿ ಹೂ ಉದುರುವ ಹೊತ್ತಿಗೆ ದ್ವೀಪದ ಪಕ್ಕದ ಕಡಲಿಗೆ ಬಿದ್ದಿತ್ತು. ಒಬ್ಬರೂ ಉಳಿಯಲಿಲ್ಲ. ಲೋಹದ ಟೊಪ್ಪಿಯ ಮುಳುಗುಗಾರರು ಬಂದು ಹೆಣಗಳನ್ನೂ ವಿಮಾನದ ಒಡಲನ್ನೂ ಎತ್ತಿದರು. ಬಂಡೆಗಳ ಸಂದಿಗೆ ಅವರ ಗಾಳಿಕೊಳವೆ ನುಗ್ಗುತ್ತಿರಲಿಲ್ಲ. ಅಲ್ಲಿ ಚೆದುರಿದ್ದನ್ನು ಹೆಕ್ಕಲು ಸರ್ಕಾರದವರು ಅವಾಬಿ ಎಂಬ ತಿನ್ನುವ ಚಿಪ್ಪಿಗಾಗಿ ಉಸಿರು ಕಟ್ಟಿ ಮುಳುಗುವ ಊರಿನ ಹೆಂಗಸರನ್ನು ಕರೆದಿದ್ದರು. ತಪ್ಪು ಯಾರದೆಂದು ರೇಡಿಯೋದಲ್ಲಿ ಆಗಲೇ ಹೇಳಿಯಾಗಿತ್ತು: ವಿಮಾನದ ಕ್ಯಾಪ್ಟನ್ ಮುರೋಯ್ ಮೋಡದಲ್ಲಿ ದಾರಿ ತಪ್ಪಿ ತೀರ ಕೆಳಗಿಳಿದ.

"ಇಲ್ಲಿ ಯಾಕೆ ಏನೂ ಇಲ್ಲ?" ಎಡರೆಕ್ಕೆಯ ನಡುವಿನ ಖಾಲಿ ಜಾಗ ತೋರಿಸಿ ಯೋನೆ ಕೇಳಿದಳು.

"ಅಲ್ಲಿ ಎಂಜಿನ್ ಇರಬೇಕು. ಬಲಗಡೇದು ಸಿಕ್ಕಿದೆ, ಎಡಗಡೇದಿಲ್ಲ. ಕಡಲ ಸೆಳೆತಕ್ಕೆ ಕೊಚ್ಕೊಂಡು ಹೋಗಿರ್ಬೇಕು ಅಂತಾರೆ ನಮ್ಮ ಕಚೇರಿಯವರು."

"ಎಷ್ಟು ಭಾರ ಅದು?"

"ಎರಡು ಎತ್ತಿನಷ್ಟು. ಅಷ್ಟು ಭಾರದ್ದು ಕೊಚ್ಚಿ ಹೋಗತ್ತೆ ಅಂತ ನಂಗನ್ಸಲ್ಲ. ಅದು ಇಲ್ಲಿ ಬಿದ್ದೇ ಇಲ್ವೇನೋ. ಮೊದಲೇ ಎಲ್ಲೋ ಕಳಚಿ ಬಿದ್ದಿರ್ಬೇಕು."

"ಯಾಕೆ ಕಳಚತ್ತೆ?"

ಇಸೊಗಾಯ್ ಅವಳ ಕಡೆ ತಿರುಗಿ ನೋಡಿದ. "ಅದು ಸಿಗಲಿ, ಹೇಳ್ತೀನಿ. ಯಾಕೆ ಅಂತ ಕೇಳೋದೇ ನನ್ನ ಕೆಲಸ."

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಯೋನೆಯ ತಲೆಯಲ್ಲಿ ಸುತ್ತುತ್ತಿತ್ತು. ಹಾಗೂ ಒಂದು ಕೆಲಸ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಗಂಡ ಸೆಂಜಿ ಯುದ್ಧದಲ್ಲಿ ಸಾಮಾನು ಸಾಗಿಸುವ ವಿಮಾನದಲ್ಲಿ ರೇಡಿಯೋ ಸುದ್ದಿ ಕಳಿಸುವವನಾಗಿದ್ದ. ತೈವಾನಿನಿಂದ ಹೊರಟ ವಿಮಾನ ಬಿತ್ತು ಎಂದಷ್ಟೇ ತಿಳಿಸಿದರು. ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ ಬಂತು. ಒಳಗೆ ಅಸ್ಥಿಯ ಬದಲು ಸೆಂಜಿಯ ಹೆಸರು ಬರೆದ ಮರದ ಚೂರೊಂದಿತ್ತು. ಊರಿನ ದೊಡ್ಡವರು ಬಂದು, ವೀರಮರಣ ಎಂದು ತಲೆಬಾಗಿ ಹೋದರು. ಯಾಕೆ ಬಿತ್ತು ಎಂದು ಅವಳು ಒಮ್ಮೆ ಕೇಳಿದ್ದಳು. ಅತ್ತೆ ತೊಕು, "ಬಿದ್ದದ್ದು ಬಿತ್ತು. ಒಲೆ ಮೇಲೆ ಏನಿದೆ ನೋಡು," ಎಂದಿದ್ದಳು. ಆಮೇಲೆ ಆ ಮನೆಯಲ್ಲಿ ಆ ಮಾತು ಏಳಲಿಲ್ಲ.

ಮರುದಿನ ಸತ್ತವರ ಕಡೆಯವರು ದೋಣಿಯಲ್ಲಿ ಬಂದರು. ದಂಡೆಯಲ್ಲಿ ಊದುಬತ್ತಿ ಹಚ್ಚಿ, ಹೂವನ್ನು ನೀರಿಗೆ ಬಿಟ್ಟರು. ಒಬ್ಬಳು ಮಾತ್ರ ಗುಂಪಿನಿಂದ ದೂರ, ಮಗುಚಿಟ್ಟ ದೋಣಿಯ ಪಕ್ಕ ನಿಂತಿದ್ದಳು. ಕ್ಯಾಪ್ಟನ್ ಮುರೋಯ್‌ನ ಹೆಂಡತಿ ಚಿಜು. ಗುಂಪು ಚದುರಿದ ಮೇಲೆ ಅವಳು ಮುಂದೆ ಬಂದು ಬತ್ತಿ ಹಚ್ಚಿದಳು. ವಾಪಸು ಹೋಗುತ್ತಿದ್ದ ಮುದುಕನೊಬ್ಬ ತಿರುಗಿ ನಿಂತ.

"ನಿಮ್ಮೆಜಮಾನ್ರು ಸ್ವಲ್ಪ ಕಣ್ಬಿಟ್ಟು ಓಡಿಸಿದ್ರೆ ನನ್ನ ಮಗಳು ಇವತ್ತು ಇರ್ತಿದ್ಲು."

ಚಿಜು ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಮುದುಕ ದೋಣಿ ಹತ್ತುವವರೆಗೂ ಬಗ್ಗಿಯೇ ಇದ್ದಳು. ದೋಣಿ ಹೊರಟರೂ ಅವಳು ಹತ್ತದೆ ಊರಿನ ಛತ್ರದಲ್ಲೇ ಉಳಿದಳು.

ಯೋನೆ ಅಂದೇ ಕೊಟ್ಟಿಗೆಗೆ ಹೋದಳು. "ಮೊದಲೇ ಬಿದ್ದಿದ್ರೆ ಯಾವ ಕಡೆ ಬಿದ್ದಿರತ್ತೆ?"

"ವಿಮಾನ ಬಂದ ದಾರೀಲಿ. ಬಡಗಣ ಕಡೆ," ಎಂದ ಇಸೊಗಾಯ್. "ಆದ್ರೆ ಅಲ್ಲಿ ಹುಡುಕೋಕೆ ಕಚೇರಿಯವರು ಒಪ್ತಿಲ್ಲ. ಈ ವಾರವೇ ಮುಗಿಸಿ ಬಾ ಅಂದಿದಾರೆ."

"ಅಲ್ಲಿ ನಾವು ಹೇಗೂ ಮುಳುಗ್ತೀವಿ. ಅದಕ್ಕೆ ಯಾರ ಒಪ್ಪಿಗೆ ಬೇಕು?"

ಬಡಗಣ ಬಂಡೆಗಳ ಹತ್ತಿರ ಅವಾಬಿಯ ಕಾಲ ಆಗಲೇ ಶುರುವಾಗಿತ್ತು. ಎಲ್ಲರ ಮರದ ತೊಟ್ಟಿಗಳೂ ಚಿಪ್ಪಿನಿಂದ ತುಂಬುತ್ತಿದ್ದರೆ ಯೋನೆಯದು ಖಾಲಿ ತೇಲುತ್ತಿತ್ತು. "ಏನೇ, ಇವತ್ತೂ ತಗಡಿನ ಸಾರೇನೆ?" ಎಂದು ಹಿರಿಯಳಾದ ಮಾತ್ಸುಯೆ ದಿನವೂ ಕಿಚಾಯಿಸುತ್ತಿದ್ದಳು. "ಎಂಜಿನಿಯರ್ ಸಾನ್‌ಗೆ ಬಡಿಸೋದು ತಾನೇ, ಉಪ್ಪು ಸರಿಯಾಗಿ ಹಾಕು." ಹೆಂಗಸರೆಲ್ಲ ನಗುತ್ತಿದ್ದರು. ಯೋನೆಯೂ ನಕ್ಕು, ಎದೆ ತುಂಬ ಉಸಿರೆಳೆದು ಮತ್ತೆ ತಲೆಕೆಳಗಾಗುತ್ತಿದ್ದಳು.

ಕಂಡದ್ದು ಮಾತ್ರ ಹುಡುಕದೆ ಇದ್ದಾಗಲೇ. ಏಳೆಂಟಾಳು ಆಳದಲ್ಲಿ ಒಂದು ಒಳ್ಳೆಯ ಅವಾಬಿ ಕಣ್ಣಿಗೆ ಬಿತ್ತೆಂದು ಪಾಚಿ ಸರಿಸಿದಳು. ಬೆರಳಿಗೆ ತಾಗಿದ್ದು ಬಂಡೆಯಲ್ಲ. ಒತ್ತಾಗಿ ಜೋಡಿಸಿದ ಲೋಹದ ಪದರ. ಕೈಯಾಡಿಸುತ್ತ ಹೋದಳು. ಮನುಷ್ಯನಷ್ಟು ಉದ್ದದ ಪಂಖದ ಅಲಗೊಂದು ಮರಳಿನಿಂದ ಮೇಲೆ ಚಾಚಿತ್ತು, ಇನ್ನೊಂದು ಮಡಿಚಿಕೊಂಡಿತ್ತು. ಮೂರನೆಯದು ಇರಬೇಕಾದಲ್ಲಿ ಮೋಟು. ಉಸಿರು ಮುಗಿಯುತ್ತಿದ್ದರೂ ಆ ಮೋಟನ್ನು ಒಮ್ಮೆ ಮುಟ್ಟಿಯೇ ಮೇಲೆ ಬಂದಳು.

ಬಂದರಿನಿಂದ ರಾಟೆಯ ದೋಣಿ ತರಿಸಿ ಎತ್ತಿದರು. ನೀರು ಸುರಿಸುತ್ತ ಎಂಜಿನ್ ಕೊಟ್ಟಿಗೆಯ ಮುಂದೆ ಬಂದು ಕುಳಿತಾಗ ಇಸೊಗಾಯ್ ಮೊಣಕಾಲೂರಿ, ಅಂಗಿಯ ತುದಿಯಿಂದ ಆ ಮೋಟನ್ನು ಒರೆಸಿದ. ಮೂಗು ತಾಗುವಷ್ಟು ಬಗ್ಗಿ ನೋಡಿದ. ಆಮೇಲೆ, "ಯೋನೆ ಸಾನ್, ಬನ್ನಿ ಇಲ್ಲಿ," ಎಂದ.

ಮುರಿದ ಜಾಗದ ಒಂದು ಪಾಲು ಸಕ್ಕರೆಯಂತೆ ತರಿತರಿಯಾಗಿತ್ತು. ಉಳಿದದ್ದು ನಯ. ಆ ನಯದ ಮೇಲೆ ಒಂದರ ಹಿಂದೊಂದು ಬಿಲ್ಲಿನಂಥ ಸಣ್ಣ ಗೆರೆಗಳು.

"ಚಿಪ್ಪಿನ ಮೇಲೆ ಇರತ್ತಲ್ಲ, ಹಾಗಿದೆ," ಎಂದಳು ಯೋನೆ.

"ನಾವೂ ಇದನ್ನ ಚಿಪ್ಪಿನ ಗೆರೆ ಅಂತಲೇ ಕರೀತೀವಿ. ತಂತೀನ ಆ ಕಡೆ ಈ ಕಡೆ ಬಗ್ಗಿಸ್ತಾ ಇದ್ರೆ ಕೊನೆಗೊಮ್ಮೆ ತುಂಡಾಗತ್ತಲ್ಲ? ಇದೂ ಹಾಗೇ. ಇಲ್ಲಿ ಅಂಚಿನಲ್ಲಿ ಒಂದು ಗೀರು ಬಿದ್ದಿದೆ, ನೋಡಿ. ಅಲ್ಲಿಂದ ಬಿರುಕು ಶುರುವಾಗಿದೆ. ಒಂದೊಂದು ಸಲ ಹಾರಿದಾಗಲೂ ಇಷ್ಟಿಷ್ಟೇ ಬೆಳೆದಿದೆ, ಯಾರ ಕಣ್ಣಿಗೂ ಬೀಳದೆ. ಆವತ್ತು ಉಳಿದಿದ್ದಷ್ಟೂ ಒಂದೇ ಸಲಕ್ಕೆ ಮುರೀತು." ಅವನು ತರಿತರಿಯಾದ ಭಾಗ ಮುಟ್ಟಿದ. "ಒಂದು ಅಲಗು ಹಾರಿಹೋದ್ರೆ ತಿರುಗೋ ಪಂಖದ ತೂಕ ತಪ್ಪತ್ತೆ. ಎಂಜಿನ್ ಅದುರಿ ಅದುರಿ ರೆಕ್ಕೆಯಿಂದಲೇ ಕಿತ್ತು ಬಂದಿದೆ. ಆಮೇಲೆ ಎಂಥ ಕ್ಯಾಪ್ಟನ್ ಇದ್ರೂ ಮಾಡೋದು ಏನೂ ಇಲ್ಲ."

ಅವನ ಮುಖ ಬೆಳಗಿತ್ತು. ಅದು ತನಗೇ ತಿಳಿದು ನಾಚಿದವನಂತೆ ತಲೆ ತಗ್ಗಿಸಿದ. ಯೋನೆಗೆ ತಪ್ಪೆನಿಸಲಿಲ್ಲ. ಅವಳಿಗೂ ಒಳಗೊಳಗೇ ಹಿಗ್ಗಾಗಿತ್ತು. ಅವಳು ನೇರ ಛತ್ರಕ್ಕೆ ಹೋಗಿ ಚಿಜುವನ್ನು ಕರೆತಂದಳು.

ಚಿಜು ಎಲ್ಲವನ್ನೂ ನಿಂತೇ ಕೇಳಿದಳು. ಕೈಗವಸು ತೆಗೆದು ಆ ಗೆರೆಗಳ ಮೇಲೆ ಬೆರಳಾಡಿಸಿದಳು. "ಅವರಿಗೆ ಗೊತ್ತಾಗಿರತ್ತಾ?"

"ಎಂಜಿನ್ ಹೋಯ್ತು ಅನ್ನೋದು ಗೊತ್ತಾಗಿರತ್ತೆ. ಯಾಕೆ ಅಂತ ಗೊತ್ತಾಗಿರಲ್ಲ."

"ಹಾಗಾದ್ರೆ ಅವರಿಗೆ ಗೊತ್ತಾಗದೇ ಇದ್ದದ್ದು ನನಗೆ ಗೊತ್ತಾಯ್ತು," ಎಂದಳು ಚಿಜು. ಅಳಲಿಲ್ಲ. ಅಲ್ಲೇ ಬಲೆಯ ರಾಶಿಯ ಮೇಲೆ ಕುಳಿತಳು. ಯೋನೆ ಬೆಂಕಿಯ ಬಳಿಯಿಂದ ಸುಟ್ಟ ಗೆಣಸು ತಂದು ಕೊಟ್ಟಾಗ ಸಿಪ್ಪೆಯ ಸಮೇತ ತಿಂದಳು. ಆ ವಾರದಲ್ಲಿ ಅವಳು ಏನಾದರೂ ತಿಂದದ್ದನ್ನು ಛತ್ರದವರು ಯಾರೂ ನೋಡಿರಲಿಲ್ಲ.

ಇಸೊಗಾಯ್ ಪೆಟ್ಟಿಗೆ ಕಟ್ಟುವ ದಿನ ಯೋನೆ ಕೇಳಿದಳು. ಬಹಳ ಸಲ ಬಾಯಿಗೆ ಬಂದು ಹಿಂದೆ ಹೋಗಿದ್ದ ಮಾತು ಅದು. "ನನ್ನ ಯಜಮಾನ್ರ ವಿಮಾನ ಯಾಕೆ ಬಿತ್ತು ಅಂತಲೂ ಹೇಳಕ್ಕಾಗತ್ತಾ?"

ಅವನು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. "ಚೂರುಗಳಿಲ್ದೆ ಹೇಳೋದು ಕಷ್ಟ. ಯುದ್ಧದಲ್ಲಿ ಯಾರೂ ಹೆಕ್ಕಲೂ ಇಲ್ಲ. ನಾನು ಆಗ ವಿಮಾನದ ಕಾರ್ಖಾನೇಲಿದ್ದೆ, ನಮ್ಗೂ ಹೇಳ್ತಿರಲಿಲ್ಲ." ಪೆಟ್ಟಿಗೆಯ ಮೇಲೆ ಕುಳಿತು, "ಆದ್ರೆ ಕೇಳಬಹುದು. ಯಾವ ಥರದ ವಿಮಾನ? ಹೊರಟಾಗ ಹವಾ ಹೇಗಿತ್ತು? ಏರುವಾಗ ಬಿತ್ತಾ, ದಾರೀಲಾ?"

ಯೋನೆಗೆ ಒಂದೂ ಗೊತ್ತಿರಲಿಲ್ಲ. "ಯುದ್ಧ ಮುಗಿದ ವರ್ಷ ಅವರ ಜೊತೆಗಾರ ಒಬ್ಬ ಮನೆಗೆ ಬಂದಿದ್ದ. ನಾನು ಕಡಲಲ್ಲಿದ್ದೆ. ಮಾತಾಡಿದ್ದು ಅತ್ತೆ ಹತ್ರ."

ಸಂಜೆ ಅವನು ಅವಳ ಜೊತೆ ಮನೆಗೆ ಬಂದ. ತೊಕು ಬಾರ್ಲಿ ಚಹಾ ತಂದಿಟ್ಟಳು. ಬಂದ ವಿಷಯ ಕೇಳಿ, ಸೊಸೆಯ ಕಡೆ ತಿರುಗಿದಳು. "ಇದನ್ನ ಕೆದಕೋಕೆ ಟೋಕಿಯೋದವರೇ ಬೇಕಾಯ್ತೇನೇ ನಿಂಗೆ?"

"ಅತ್ತೆ, ಆ ಜೊತೆಗಾರ ಏನಂದ ಅಂತ ಹೇಳಿ."

"ಹೇಳಿದ್ರೆ ನಿನ್ನ ಗಂಡ ಎದ್ದು ಬರ್ತಾನಾ?"

"ಬರಲ್ಲ. ನಂಗೂ ಗೊತ್ತು. ಆದ್ರೂ ಹೇಳಿ."

ಮುದುಕಿ ಚಹಾದ ಬಟ್ಟಲನ್ನು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದಳು. ಇಸೊಗಾಯ್ ಅವಸರ ಮಾಡಲಿಲ್ಲ.

"ಸೆಂಜಿಗೆ ಮೊದಲೇ ಗೊತ್ತಿತ್ತಂತೆ," ಎಂದಳು ಕೊನೆಗೆ. "ಒಂದು ಕಡೆ ಎಂಜಿನ್ ಸರಿ ಇಲ್ಲ ಅಂತ ಎಲ್ರಿಗೂ ಗೊತ್ತಿತ್ತಂತೆ. ಹತ್ತೋ ಮುಂಚೆ ಜೊತೆಗಾರನಿಗೆ ಹೇಳಿ ಹತ್ತಿದ. ಹತ್ತಲ್ಲ ಅನ್ನೋ ಹಾಗಿರಲಿಲ್ಲ. ಅದನ್ನ ಇವಳಿಗೆ ನಾನು ಯಾವ ಬಾಯಲ್ಲಿ ಹೇಳಲಿ?"

ಯೋನೆ ಎದ್ದು ಹೋಗಿ ಅತ್ತೆಯ ಪಕ್ಕಕ್ಕೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಳು.

"ಅಮ್ಮ," ಎಂದ ಇಸೊಗಾಯ್ ಮೆಲ್ಲಗೆ, "ಯಾವ ಕಡೆ ಎಂಜಿನ್ ಅಂದ ಅವನು?"

"ಬೆಟ್ಟದ ಕಡೇದು ಅಂದ. ತಡಿ, ಅವನೇ ತೋರಿಸಿದ್ದ ನಂಗೆ." ತೊಕು ಚಹಾದಲ್ಲಿ ಬೆರಳದ್ದಿ ಮರದ ತಟ್ಟೆಯ ಮೇಲೆ ಉದ್ದಕ್ಕೊಂದು ಗೆರೆ ಎಳೆದಳು. "ಇದು ವಿಮಾನ ಓಡೋ ದಾರಿ. ಇಲ್ಲಿ ಬೆಟ್ಟ. ಇತ್ತ ಕಡೆ ಕಡಲು. ಮಳೆ ಬರ್ತಿತ್ತಂತೆ."

ಎಳೆದ ಗೆರೆ ಒಂದು ತುದಿಯಿಂದ ಆರುತ್ತ ಬಂತು. ಯೋನೆ ಬಟ್ಟಲನ್ನು ಅತ್ತೆಯ ಕೈ ಹತ್ತಿರ ಸರಿಸಿದಳು. ಮುದುಕಿ ಮತ್ತೆ ಬೆರಳದ್ದಿದಳು.