ಬೆಳ್ಳಿ ನೀರು

"ಈಗ ಪಾದರಸ ಹಾಕಿ ತೋರ್ಸಿ, ಬೆಳ್ಳಿಯಣ್ಣ," ಎಂದರು ಮೇಡಂ.

ಲ್ಯಾಬಿನ ಸಹಾಯಕ ಹಳದಿ ನೀರಿದ್ದ ಗಾಜಿನ ಕೊಳವೆಗೆ ಒಂದೇ ಹನಿ ಬಿಟ್ಟ. ನೋಡುನೋಡುತ್ತಲೇ ಹಳದಿ ಮಾಯವಾಗಿ ಬರಿಯ ನೀರು ಉಳಿಯಿತು. ತಪಾಸಣೆಗೆ ಬಂದಿದ್ದ ಮೂವರೂ ಬಗ್ಗಿ ನೋಡಿದರು. ಕುಡಿಯುವ ನೀರಿನಲ್ಲಿ ಪಾದರಸದ ವಿಷವಿದ್ದರೆ ಈ ಹಳದಿ ನೀರಿನಲ್ಲಿರುವ ಬೆಳ್ಳಿ ಹೀಗೆ ಬಣ್ಣ ಕಳೆದುಕೊಂಡು ಹೇಳಿಬಿಡುತ್ತದೆ, ಕ್ರಿಮಿಗಳನ್ನೂ ಕೊಲ್ಲುತ್ತದೆ ಎಂದು ಮೇಡಂ ವಿವರಿಸಿದರು.

ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ತೇಲುವ ಆ ನೀರನ್ನು ಹದಿನೇಳು ವರ್ಷದಿಂದ ಕಾಯಿಸುತ್ತ ಬಂದವನು ಅವನು. ಅಡ್ಡಹೆಸರು ಅಂಟಿಕೊಂಡದ್ದೂ ಹಾಗೆಯೇ. ಓದಿದ್ದು ಹತ್ತನೆಯ ತರಗತಿಯವರೆಗೆ. ಆದರೆ ಡಾಕ್ಟರೇಟಿಗೆ ಬಂದವರು ಕಾಯಿಸಿದರೆ ರಾಡಿಯಾಗುವುದು ಇವನ ಕೈಯಲ್ಲಿ ನಿಂಬೆಹಣ್ಣಿನ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಎಲ್ಲರೂ ಅದನ್ನು ಕೈಗುಣ ಎನ್ನುತ್ತಿದ್ದರು. ಅವನೂ ನಂಬಿಬಿಟ್ಟಿದ್ದ.

"ಬೇರೆ ಏನಾದ್ರೂ ಬಿದ್ರೆ ಇದು ಮೋಸ ಹೋಗಲ್ವಾ?" ಮೂವರಲ್ಲಿ ಕನ್ನಡಕದವರು ಕೇಳಿದರು.

"ಹೋಗುತ್ತೆ, ಉಪ್ಪು ಸಾಕು. ಅದಕ್ಕೇ ನಾವು ನಲ್ಲಿ ನೀರನ್ನೂ ಹತ್ತಿರ ಬಿಡಲ್ಲ. ಇವರು ಒಂದೊಂದು ಸೀಸೆನೂ ಬಟ್ಟಿ ಇಳಿಸಿದ ನೀರಲ್ಲಿ ಏಳು ಸಲ ತೊಳೀತಾರೆ," ಎಂದರು ಮೇಡಂ. "ಹಾಕಿ ಬೆಳ್ಳಿಯಣ್ಣ, ಉಪ್ಪುನೀರು."

ಅವನು ಹಾಕಿದ. ಹಳದಿ ಕದಡಿ ಬೂದಿ ಕಲಸಿದಂತಾಯಿತು.

"ನೋಡಿ, ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಇನ್ನು ಇದು ಏನನ್ನೂ ಹೇಳಲ್ಲ, ಏನನ್ನೂ ಕೊಲ್ಲಲ್ಲ."

ನೂರು ಸಲ ಮಾಡಿ ತೋರಿಸಿದ್ದ ಕೆಲಸ. ಆದರೆ ಆ ಬೂದು ಬಣ್ಣವನ್ನು ಇತ್ತೀಚೆಗೆ ಅವನು ಇನ್ನೊಂದು ಕಡೆಯೂ ನೋಡಿದ್ದ, ಅಕ್ಕನ ಕಾಲಿನ ಪಟ್ಟಿಯ ಮೇಲೆ.  ಕೊಳವೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ.

ಅಕ್ಕ ಹೊಲಿಗೆಯವಳು. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು, ಅವಳಿಗೆ ಹದಿನೆಂಟು. ಅಂದಿನಿಂದ ಯಂತ್ರ ತುಳಿದು ತುಳಿದೇ ಅವನನ್ನು ಸಾಕಿದ್ದಳು. ಸಕ್ಕರೆ ಕಾಯಿಲೆಯವಳ ಹಿಮ್ಮಡಿಯಲ್ಲಿ ಹುಣ್ಣೆದ್ದಾಗ ಡಾಕ್ಟರು ಈವತ್ತೇ ಸೇರಿಸಿ, ಕೊಳೆತದ್ದನ್ನು ತೆಗೆಯಬೇಕು ಎಂದಿದ್ದರು. ಇವನು ಅವಳನ್ನು ತಿರುಗಿ ಮನೆಗೆ ಕರೆದುಕೊಂಡು ಬಂದ. "ಚಾಕು ಯಾಕಕ್ಕ, ನನ್ನ ಬೆಳ್ಳಿ ಇಲ್ವಾ?" ಎಂದ. ಮೇಡಮ್ಮಿಗೂ ಒಂದು ಮಾತು ಹಾಕಿ ನೋಡಿದ್ದ. "ಕ್ರಿಮಿ ಬೆಳೆಸೋ ಗಾಜಿನ ತಟ್ಟೆ ಬೇರೆ, ಮನುಷ್ಯರ ಕಾಲು ಬೇರೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದಿದ್ದರು ಅವರು. ಓದಿದವರಿಗೆ ಎಲ್ಲದಕ್ಕೂ ಅನುಮಾನ ಎಂದುಕೊಂಡು ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಊಟದ ಚೀಲದಲ್ಲಿ ಸೀಸೆ ಇಟ್ಟುಕೊಂಡು ಮನೆಗೆ ತಂದ.

ಮೂರು ವಾರ ದಿನಾ ಸಂಜೆ ಹುಣ್ಣನ್ನು ತೊಳೆದ. ಬೆಚ್ಚಗಿನ ನೀರು, ಒಂದು ಹಿಡಿ ಉಪ್ಪು. ಮಂಡಿ ತರಚಿಕೊಂಡು ಬಂದಾಗಲೆಲ್ಲ ಅಮ್ಮ ಹಾಗೇ ತೊಳೆಯುತ್ತಿದ್ದಳು. ತೊಳೆದು, ಅದರ ಮೇಲೇ ಬೆಳ್ಳಿ ನೀರಿನ ಪಟ್ಟಿ. ಬೆಳಗ್ಗೆ ಪಟ್ಟಿ ಬೂದು ತಿರುಗಿದ್ದರೆ, "ನೋಡಕ್ಕ, ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ," ಎಂದು ಹಿಗ್ಗುತ್ತಿದ್ದ. ಲ್ಯಾಬಿನಲ್ಲಿ ಉಪ್ಪಿನ ಡಬ್ಬಿಯನ್ನು ಬೇರೆ ಕೋಣೆಯಲ್ಲಿಡಿಸಿದ್ದ ಭೂಪ ಮನೆಯಲ್ಲಿ ಹಿಡಿಹಿಡಿಯಾಗಿ ಸುರಿದಿದ್ದ. ನಾಲ್ಕನೆಯ ವಾರ ಪಾದ ಕಪ್ಪಾದಾಗ ಆಸ್ಪತ್ರೆಗೆ ಸೇರಿಸಿದ. ನಾಳೆ ಬೆಳಗ್ಗೆ ಮಂಡಿಯ ಕೆಳಗೆ ಕತ್ತರಿಸುವವರಿದ್ದರು.

ಆ ಮಧ್ಯಾಹ್ನ ಅವನು ವಾರ್ಡಿಗೆ ಹೋದಾಗ ಅಕ್ಕ ಪಕ್ಕದ ಮಂಚದವಳ ಜೊತೆ ಮಾತಿನಲ್ಲಿದ್ದಳು. "ಇವನೇ ನನ್ನ ತಮ್ಮ. ಕೈಯಾರೆ ಔಷಧಿ ಮಾಡಿ ಹಚ್ಚಿದ. ನನ್ನ ಹಣೆಬರಹಕ್ಕೆ ಅವನೇನು ಮಾಡ್ತಾನೆ?" ತಡಮಾಡಿದ್ದಕ್ಕೆ ಡಾಕ್ಟರು ರೇಗಿದಾಗಲೂ ಅವಳು, ನಾನೇ ಬರಲ್ಲ ಅಂದೆ ಎಂದು ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡಿದ್ದಳು.

"ಹಣೆಬರಹ ಅಲ್ಲ ಅಕ್ಕ," ಎಂದ. ಪಕ್ಕದವಳು ಆ ಕಡೆ ತಿರುಗುವವರೆಗೆ ಕಾದು, ತಗ್ಗಿದ ದನಿಯಲ್ಲಿ ಉಪ್ಪಿನ ಸಂಗತಿಯನ್ನೆಲ್ಲ ಹೇಳಿದ. ಹೇಳಿದರೆ ಎದೆ ಹಗುರಾದೀತು ಎಂದುಕೊಂಡಿದ್ದ. ಆಗಲಿಲ್ಲ.

ಅಕ್ಕ ಅವನ ಕಡೆ ತಿರುಗಿದಳು. "ಉಪ್ಪು ಹಾಕದೇ ಇದ್ದಿದ್ರೆ ವಾಸಿ ಆಗ್ತಿತ್ತಾ?"

"ಗೊತ್ತಿಲ್ಲ."

"ಡಾಕ್ಟರು ಹೇಳಿದ ದಿನವೇ ಸೇರಿದ್ದಿದ್ರೆ?"

ಅದಕ್ಕೆ ಅವನಲ್ಲಿ ಉತ್ತರವಿತ್ತು. ಅವಳಿಗೆ ಅದನ್ನು ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ.

"ಇದನ್ನ ನನಗ್ಯಾಕೆ ಹೇಳ್ದೆ?" ಎಂದಳು. "ಹಣೆಬರಹ ಅಂತ ಹೇಗೋ ನುಂಗಿಕೊಂಡಿದ್ದೆ. ಈಗ ದಿನಾ ನಿನ್ನ ಮುಖ ನೋಡ್ಬೇಕಲ್ಲೋ."

ನರ್ಸ್ ಬಂದು ಒಂದು ಬೇಸಿನ್ನು, ಸೋಪು ಇಟ್ಟಳು. ಬೆಳಗಿನ ಆಪರೇಷನ್ನಿಗೆ ಹುಣ್ಣಿನ ಪಟ್ಟಿ ನೆನೆಯದಂತೆ ಕಾಲು ತೊಳೆಯಬೇಕು, ಆಯಾನ ಕಳಿಸಲಾ ಎಂದು ಕೇಳಿದಳು.

"ಬೇಡ, ಇವನೇ ತೊಳೀತಾನೆ," ಎಂದಳು ಅಕ್ಕ. ನರ್ಸ್ ಅತ್ತ ಹೋದ ಮೇಲೆ ಹೊದಿಕೆ ಸರಿಸಿ ಕಾಲು ಚಾಚಿದಳು. "ಈವತ್ತಾದ್ರೂ ಸರಿಯಾಗಿ ತೊಳಿ."

ಅವನು ಬಿಸಿನೀರು ಹಿಡಿದು ತಂದ. ನೆಲದ ಮೇಲೆ ಕೂತು, ಮಂಡಿಯಿಂದ ಕೆಳಕ್ಕೆ ಸೋಪು ಹಚ್ಚಿದ, ಬೆರಳ ಸಂದಿಗಳನ್ನು ಒಂದೊಂದಾಗಿ ಉಜ್ಜಿದ. ಅಕ್ಕ ಗೋಡೆಯ ಕಡೆ ಮುಖ ಮಾಡಿದ್ದಳು.

"ನೀರು ಬಿಸಿ ಜಾಸ್ತಿ ಆಯ್ತಾ ಅಕ್ಕ?"

"ಇಲ್ಲ, ಸರಿಯಾಗಿದೆ," ಎಂದಳು. ಆ ಪಾದಕ್ಕೆ ಬಿಸಿ, ತಂಪು ತಿಳಿಯದೆ ಎರಡು ವರ್ಷವಾಗಿತ್ತು.