ಹಗ್ಗವಿಲ್ಲದ ಹಲಗೆ

ಚನ್ನಯ್ಯ ಊಟದ ಮಣೆಯನ್ನು ಜಗುಲಿಯ ನಡುವಿಗೆ ಎಳೆದುಕೊಂಡು ಅದರ ಮೇಲೆ ಅಡ್ಡಲಾಗಿ ನಿಂತಿದ್ದ. ಒಂದು ಕಾಲು ಮುಂದೆ, ಒಂದು ಹಿಂದೆ. ಎರಡೂ ಕೈ ಹದ್ದಿನ ರೆಕ್ಕೆಯಂತೆ ಚಾಚಿಕೊಂಡಿದ್ದವು. ಸಮುದ್ರದ ಸದ್ದನ್ನೂ ಅವನೇ ಬಾಯಲ್ಲಿ ಮಾಡುತ್ತಿದ್ದುದರಿಂದ ಮುಂದಿನ ಸಾಲಿನಲ್ಲಿ ಕೂತವರ ಮೇಲೆ ಎಲೆಯಡಿಕೆಯ ಕೆಂಪು ತುಂತುರು ಬೀಳುತ್ತಿತ್ತು. "ಬಂತ್ ನೋಡ್ರಿ ತೆರಿ, ಮನಿ ಎತ್ತರದ್ದು. ನಾ ಎದ್ದು ನಿಂತೆ ನೋಡ್ರಿ," ಎಂದು ಮೂಗಿನಲ್ಲಿ ಮಾತಾಡುತ್ತ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನ ಗಂಡ ಅಂದಾನಪ್ಪ ಮಾತ್ರ ನಗಲಿಲ್ಲ. ಅಣಕಕ್ಕೆ ಸಿಕ್ಕವನು ಅವನ ಮಗಳು ನೀಲಗಂಗವ್ವನನ್ನು ನಿನ್ನೆ ನೋಡಿಕೊಂಡು ಹೋದ ವರ ಮಧುಕೇಶ್ವರ.

ಮಧುಕೇಶ್ವರ ಬನವಾಸಿಯ ಅರಿವೆ ಅಂಗಡಿಯವರ ಮಗ. ಮುಂಬಯಿಗೆಂದು ಹೋದವನು ಸರಕಿನ ಹಡಗಿನ ಅಡುಗೆಮನೆ ಸೇರಿದ್ದ. ಪೆಸಿಫಿಕ್ ಸಮುದ್ರದ ಆಚೆಯ ದಂಡೆಯಲ್ಲಿ ಕಾಮಾಲೆ ಹಿಡಿದು ಹಳದಿಯಾದಾಗ ಹಡಗಿನವರು ಅವನನ್ನು ಒಂದು ಬಂದರಿನ ಆಸ್ಪತ್ರೆಯಲ್ಲಿ ಇಳಿಸಿ ಹೊರಟುಹೋದರು. ಗುಣವಾದ ಮೇಲೆ ಒಬ್ಬ ಬಿಳಿ ಸಾಹೇಬ ತನ್ನ ದೋಣಿಗೆ ಅಡುಗೆಯವನಾಗಿ ಕರೆದ. ಸಾಹೇಬನ ನಾಲಗೆಯ ಮೇಲೆ 'ಮಧುಕೇಶ್ವರ' ಎಂಬ ಇಡೀ ಹೆಸರು ಮುಳುಗಿ 'ಮ್ಯಾಡು' ಎಂಬಷ್ಟು ಮಾತ್ರ ತೇಲುತ್ತಿತ್ತಂತೆ.

ಆ ದೋಣಿಗೆ ಮೀನೂ ಬೇಕಿರಲಿಲ್ಲ, ಸರಕೂ ಬೇಕಿರಲಿಲ್ಲ. ಸಾಹೇಬ, ಅವನ ಹೆಂಡತಿ, ಇಬ್ಬರು ಗೆಳೆಯರು, ಎಲ್ಲರೂ ಅಲೆಗಾಗಿ ಅಲೆಯುವವರು. ದಂಡೆಯುದ್ದಕ್ಕೂ ಕಾಡು ನೀರಿನವರೆಗೆ ಇಳಿದು ಬಂದಿದ್ದರಿಂದ ರಸ್ತೆಯೇ ಇರಲಿಲ್ಲ. ಹೀಗಾಗಿ ಒಂದು ಕೊಲ್ಲಿಯಿಂದ ಇನ್ನೊಂದು ಕೊಲ್ಲಿಗೆ ದೋಣಿಯಲ್ಲೇ ಹೋಗಬೇಕು. ಸಮುದ್ರದ ಕಡೆಯಿಂದ ನೋಡಿದರೆ ಅಲೆಯ ಬೆನ್ನಷ್ಟೇ ಕಾಣುತ್ತದೆ, ಮುಖ ಕಾಣುವುದಿಲ್ಲ. ಅದಕ್ಕೇ ಬೆಳಗಾದೊಡನೆ ಒಬ್ಬ ಪಟದ ಕಂಬ ಹತ್ತಿ ಅಲೆ ಎಲ್ಲಿ, ಯಾವ ಮಗ್ಗುಲಿಗೆ ಒಡೆಯುತ್ತಿದೆಯೆಂದು ಕೂಗಿ ಹೇಳಬೇಕು. ಅಲೆ ಒಡೆಯುವ ಜಾಗದಿಂದ ಆಚೆ ಲಂಗರು ಹಾಕಿ ಉದ್ದನೆಯ ಹಲಗೆಗಳನ್ನು ನೀರಿಗೆ ಬಿಡುತ್ತಾರೆ. ಅದರ ಮೇಲೆ ಬೋರಲು ಮಲಗಿ ಕೈಯಿಂದ ನೀರು ಎಳೆಯುತ್ತ ಕಾಯುತ್ತಾರೆ; ಅಲೆ ಬಂದು ಹಲಗೆಯನ್ನು ಎತ್ತಿದಾಗ ಎದ್ದು ನಿಂತು ಅದರ ಹೊಟ್ಟೆಯ ಮೇಲೆ ಜಾರಿಕೊಂಡು ಹೋಗುತ್ತಾರೆ. ಮಧ್ಯಾಹ್ನ ಗಾಳಿ ತಿರುಗಿ ಅಲೆ ಕೆಟ್ಟರೆ ಲಂಗರು ಎತ್ತಿ ಮುಂದಿನ ಕೊಲ್ಲಿಗೆ ಹೊರಡುವುದು. ಮೊದಮೊದಲು ದೋಣಿಯಲ್ಲಿ ಕೂತು ಅಕ್ಕಿ ಆರಿಸುತ್ತ ನೋಡುತ್ತಿದ್ದ ಮಧುಕೇಶ್ವರನನ್ನು ಸಾಹೇಬನ ಹೆಂಡತಿಯೇ ಒಂದು ದಿನ ಹಲಗೆಯ ಮೇಲೆ ಹತ್ತಿಸಿದಳಂತೆ. ಆಮೇಲೆ ಅನ್ನ ಸೀಯುವುದು ಹೆಚ್ಚಾಯಿತಂತೆ.

ಇದನ್ನೆಲ್ಲ ಅವನು ಹೆಣ್ಣು ನೋಡಲು ಬಂದ ಮನೆಯಲ್ಲಿ, ಅವಲಕ್ಕಿ ತಟ್ಟೆ ಕೈಯಲ್ಲಿ ಹಿಡಿದು, ಅಂಜದೆ ಅಳುಕದೆ ಹೇಳಿದ್ದ. ಅಂದಾನಪ್ಪನ ತಾಯಿ ಗುರುಶಾಂತವ್ವ ಮೊದಲು ಒಲೆಯ ವಿಚಾರ ತೆಗೆದಳು. ಆ ಜನ ಮೀನು ತಿನ್ನುವವರಲ್ಲವೇ ಎಂದಳು. ಮೀನಿಗೆ ಅವರ ಬಾಣಲೆ, ಅವರ ಕೈ. ತನ್ನ ಒಲೆಯೇ ಬೇರೆಯಿತ್ತು ಎಂದು ಅವನು ಕೊರಳಿನ ಲಿಂಗ ಮುಟ್ಟಿ ತೋರಿಸಿದ. ಮುದುಕಿಗೆ ಅಲ್ಲಿಗೆ ಸಮಾಧಾನವಾಯಿತು. ಆದರೂ ಒಂದು ಪ್ರಶ್ನೆ ಉಳಿದಿತ್ತು.

"ಅಲ್ಲೋ ತಮ್ಮಾ, ಹಂಗ ನಿಂತು ಹೋದ್ರ ಏನು ಬೆಳೀತೈತಿ?"

"ಏನೂ ಬೆಳಿಯಂಗಿಲ್ರಿ ಅಮ್ಮಾ. ದಂಡಿ ಮುಟ್ಟಿದ ಮ್ಯಾಲ ಹೊಳ್ಳಿ ಹೋಗಿ ಇನ್ನೊಂದು ತೆರಿಗೆ ಕಾಯೂದು."

ಮುದುಕಿ ನಕ್ಕಿದ್ದಳು. ಅಂದಾನಪ್ಪನ ಮುಖ ಮಾತ್ರ ಗಂಟಾಯಿತು. ಹುಡುಗ ನೋಡಲು ಚೆನ್ನಾಗಿದ್ದ, ಮನೆತನ ಚೆನ್ನಾಗಿತ್ತು. ಕತೆಯೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸುಳ್ಳು ಹೇಳುವವನಿಗೆ ತಾನು ಎಮ್ಮೆಯನ್ನೂ ಮಾರುವವನಲ್ಲ, ಇನ್ನು ಮಗಳನ್ನು ಕೊಡುವುದು ಹೇಗೆ ಎಂದು ರಾತ್ರಿಯಿಂದ ಹೇಳುತ್ತಲೇ ಇದ್ದ. ಚನ್ನಯ್ಯನಿಗೆ ಬೇಕಾಗಿದ್ದೂ ಅದೇ. ಅವನು ನೀಲಗಂಗವ್ವನ ಸೋದರಮಾವ. ಶಿರಸಿ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟವನು, ಮೂವತ್ತು ದಾಟಿದರೂ ಮದುವೆಯಾಗದವನು, ಅಕ್ಕನ ಮಗಳು ತನಗೇ ಎಂದು ಅವಳು ತೊಟ್ಟಿಲಲ್ಲಿದ್ದಾಗಿನಿಂದ ಹೇಳಿಕೊಂಡು ಬಂದವನು. ಹೊರಗಿನ ವರ ಸುಳ್ಳನೆಂದಾದರೆ ಶ್ರಾವಣದಲ್ಲಿ ತನ್ನ ನಿಶ್ಚಿತಾರ್ಥ ಎಂದು ಅಂದಾನಪ್ಪನಿಂದ ಮಾತನ್ನೂ ತೆಗೆದುಕೊಂಡಿದ್ದ. ಪರೀಕ್ಷೆಯ ಉಪಾಯವೂ ಅವನದೇ. ಸಮುದ್ರದ ಮೇಲೆ ನಿಂತವನಿಗೆ ನಮ್ಮ ಗದ್ದೆಯ ಕೆಸರು ಎಷ್ಟರದು? ನಾಟಿಗೆ ಮುಂಚೆ ನೆಲ ಸಮ ಮಾಡಲು ಎತ್ತಿನ ಹಿಂದೆ ಕಟ್ಟುವ ಹಲಗೆಯ ಮೇಲೆ ಒಂದು ಸುತ್ತು ನಿಂತು ತೋರಿಸಲಿ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಮಂಗಳವಾರ ಆಗಲಿ.

ಬನವಾಸಿಗೆ ಹೇಳಿ ಕಳಿಸಿದ್ದಕ್ಕೆ, ಮಂಗಳವಾರವೇ ಬರುತ್ತೇನೆ, ಹಲಗೆ ಮಾತ್ರ ಅಗಲವಾದದ್ದಿರಲಿ ಎಂದು ಉತ್ತರ ಬಂತು.

ನೀಲಗಂಗವ್ವ ಬಾಗಿಲ ಸಂದಿಯಿಂದ ಮಾವನ ಆಟವನ್ನೆಲ್ಲ ನೋಡಿದ್ದಳು. ಅಣಕದಲ್ಲಿ ಅವಳು ಮಾವನಿಗಿಂತ ಒಂದು ಕೈ ಮೇಲು. ಮಠದ ಸ್ವಾಮಿಗಳ ಕೆಮ್ಮು, ಬಸ್ ಕಂಡಕ್ಟರನ ಸೀಟಿ, ನೆರೆಮನೆಯ ಚೌಡಮ್ಮ ಬಾಯಿಗೆ ಸೆರಗು ಒತ್ತಿ ನಗುವುದು, ಯಾವುದೂ ಅವಳಿಂದ ತಪ್ಪಿಸಿಕೊಂಡಿರಲಿಲ್ಲ. ಸಂಜೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಮೊದಲು ಮಾವ ನಿಂತಂತೆ ನಿಂತಳು. ಆಮೇಲೆ ಅವನು, ಮಧುಕೇಶ್ವರ, ಎಲ್ಲರೂ ಕೇಳಿಕೊಂಡರೆಂದು ಪಡಸಾಲೆಯಲ್ಲಿ ಎದ್ದು ತೋರಿಸಿದಂತೆ ನಿಂತಳು. ಎರಡಕ್ಕೂ ಅಜಗಜಾಂತರವಿತ್ತು. ಮಾವ ನಕಲು ಮಾಡಿದ್ದು ಕೈಗಳನ್ನಷ್ಟೇ. ಅವನ ಭಾರವೆಲ್ಲ ಹಿಮ್ಮಡಿಯ ಮೇಲಿತ್ತು. ಆ ಇನ್ನೊಬ್ಬನ ಕಾಲ್ಬೆರಳುಗಳು ಮಾತ್ರ ಸಗಣಿ ಸಾರಿಸಿದ ನೆಲವನ್ನು ಹಲ್ಲಿಯ ಹಾಗೆ ಕಚ್ಚಿ ಹಿಡಿದಿದ್ದವು.

"ಅಮ್ಮಾ," ಎಂದಳು ಅಜ್ಜಿಗೆ, ಕಲ್ಲಿನಿಂದ ಇಳಿಯದೆಯೇ. "ಅಂವ ನಿಂತಾನ. ಬರೇ ನೋಡಿ ಕಲಿತದ್ದಲ್ಲ, ಸುಳ್ಳಲ್ಲ. ಮಾಮಾನ ತಕ್ಕಡಿ ಮುಂದ ನಾ ಕೂಡಂಗಿಲ್ಲ."

ಗುರುಶಾಂತವ್ವ ಹಸಿಮೆಣಸಿನಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಅದನ್ನು ಅಪ್ಪನಿಗೆ ಕಾಣುವಂತೆ ತೋರಿಸಬೇಕು, ಹಿತ್ತಲಲ್ಲಿ ಹೇಳಿದರೆ ಕಲ್ಲಿಗಷ್ಟೇ ಕೇಳುತ್ತದೆ ಎಂದಳು.

ಮಂಗಳವಾರ ಮಳೆ ಬಿಡುವು ಕೊಟ್ಟಿತ್ತು. ಗದ್ದೆಯ ಬದುವಿನ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದರು. ಮಧುಕೇಶ್ವರ ಧೋತರ ಮೇಲೆ ಕಟ್ಟಿ ಕೆಸರಿಗಿಳಿದ. ಅಂಗಡಿಯವರ ಮಗನಾದ್ದರಿಂದ ಗದ್ದೆಯ ಹಲಗೆಯನ್ನು ಅವನು ಇದುವರೆಗೆ ದೂರದಿಂದಷ್ಟೇ ನೋಡಿದ್ದ. ಎತ್ತು ಹೊಡೆಯುವುದು ಪೇಟೆಯವನಿಗೆ ಬರಲಿಕ್ಕಿಲ್ಲವೆಂದು ಚನ್ನಯ್ಯ ತಾನೇ ಬಾರುಕೋಲು ಹಿಡಿದು ಎತ್ತುಗಳ ಪಕ್ಕ ನಿಂತ. ಅಂದಾನಪ್ಪ ನೊಗಕ್ಕೆ ಕಟ್ಟಿದ ಹಗ್ಗದ ತುದಿಯನ್ನು ವರನ ಕೈಗೆ ಕೊಡಲು ಹೋದ. ಈ ಹಗ್ಗ ಹಿಡಿದು, ಎದುರು ಮುಖವಾಗಿ, ಕಾಲಗಲಿಸಿ ಹಿಂದಕ್ಕೆ ವಾಲಿ ನಿಲ್ಲುವುದು ಎಲ್ಲರ ಪದ್ಧತಿ.

"ಬ್ಯಾಡ್ರಿ," ಎಂದ ಮಧುಕೇಶ್ವರ. "ತೆರಿಗೆ ಹಗ್ಗ ಎಲ್ಲಿರತೈತಿ?"

ಅವನು ಹಲಗೆಯ ಮೇಲೆ ಅಡ್ಡಲಾಗಿ ನಿಂತಾಗಲೇ ಬದುವಿನ ಮೇಲೆ ನಗೆ ಎದ್ದಿತು. ಎತ್ತುಗಳು ಹೊರಟವು. ಹಲಗೆ ಕೆಸರುನೀರನ್ನು ಎರಡು ಕಡೆಗೂ ಸೀಳಿಕೊಂಡು ಹೋಯಿತು; ಅವನು ಬೀಳಲಿಲ್ಲ. ನೇರ ದಾರಿಯಲ್ಲಿ ಯಾರೂ ಬೀಳುವುದಿಲ್ಲ, ಮೂಲೆ ಬರಲಿ ಎಂದು ಒಬ್ಬರು ಅಂದರು. ಅದು ನಿಜ. ಮೂಲೆಯಲ್ಲಿ ಎತ್ತು ಗಕ್ಕನೆ ತಿರುಗಿದಾಗ ಹಲಗೆಯ ಹಿಂಬದಿ ಹೊರಕ್ಕೆ ಬೀಸುತ್ತದೆ. ಹಗ್ಗ ಹಿಡಿದ ಪಳಗಿದ ಆಳುಗಳೇ ಅಲ್ಲಿ ಒಂದು ಕಾಲು ಕೆಸರಿಗೆ ಊರುತ್ತಾರೆ. ಮೂಲೆ ಬಂತು. ಮಧುಕೇಶ್ವರನ ಮೊಣಕಾಲು ಇನ್ನಷ್ಟು ಬಾಗಿದವು, ಭಾರ ಹಿಂದಿನ ಕಾಲಿಗೆ ಸರಿಯಿತು, ಹಲಗೆಯ ಮುಂದಿನ ಅಂಚು ಎರಡು ಬೆರಳಷ್ಟು ಮೇಲೆದ್ದು ಒಂದು ಕಮಾನು ಬರೆದಂತೆ ಸುತ್ತಿ ಬಂತು. ಎಬ್ಬಿಸಿದ ಕೆಸರುನೀರು ಬದುವಿನಲ್ಲಿ ಕೂತಿದ್ದ ಗುರುಶಾಂತವ್ವನ ಪಾದ ಮುಟ್ಟಿತು. ಅವಳು ಪಾದ ಹಿಂದೆಗೆಯಲಿಲ್ಲ. ನಗೆ ನಿಂತಿತ್ತು.

ಅಲ್ಲಿಂದ ಎರಡು ಮಾರು ಹೋಗಿರಬೇಕು. ಎತ್ತುಗಳು ಇದ್ದಲ್ಲೇ ಕಾಲು ಊರಿ ನಿಂತುಬಿಟ್ಟವು. ಹಲಗೆಯೂ ನಿಂತಿತು. ಮಧುಕೇಶ್ವರ ನಿಲ್ಲಲಿಲ್ಲ. ಚಾಚಿದ ಕೈಗಳ ಸಮೇತ ಹಾರಿ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದ.

ತಡೆದಿದ್ದ ನಗೆಯೆಲ್ಲ ಒಮ್ಮೆಲೇ ಒಡೆಯಿತು. ಅಂದಾನಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ತಿರುಗಿದ. ಮಧುಕೇಶ್ವರ ಎದ್ದು, ಕಣ್ಣಿನ ಕೆಸರನ್ನು ಹೆಬ್ಬೆರಳಿನಿಂದ ತೆಗೆದು, ಸಮುದ್ರ ಹೀಗೆ ನಡುವೆ ನಿಲ್ಲುವುದಿಲ್ಲ ಎಂದು ನಗುತ್ತಲೇ ಹೇಳಿದ. ಚನ್ನಯ್ಯ ಆ ಮಾತನ್ನೂ ಬಿಡದೆ ಮೂಗಿನಲ್ಲಿ ಎತ್ತಿಕೊಂಡು ಅಂದು ತೋರಿಸಿದ. ಜನ ಮತ್ತೆ ನಕ್ಕರು.

ಬುತ್ತಿಯ ಬುಟ್ಟಿಯನ್ನು ಬದುವಿನ ಮೇಲಿಟ್ಟು ನೀಲಗಂಗವ್ವ ಕಚ್ಚೆ ಬಿಗಿದು ಗದ್ದೆಗಿಳಿದಳು. ಹುಟ್ಟಿದ ಮನೆಯ ಗದ್ದೆ ಅದು. ಸಣ್ಣವಳಿದ್ದಾಗಿನಿಂದ ಭಾರಕ್ಕೆಂದು ಆ ಹಲಗೆಯ ಮೇಲೆ ಕೂರಿಸುತ್ತ ಬಂದಿದ್ದರಿಂದ ಅವಳು ಇಳಿದದ್ದು ಯಾರಿಗೂ ವಿಶೇಷ ಅನ್ನಿಸಲಿಲ್ಲ, ಅವಳು ಅಡ್ಡಲಾಗಿ ನಿಲ್ಲುವವರೆಗೆ.

"ಮಾಮಾ, ಈಗ ನನ್ನ ಕರಕೊಂಡು ನಡಿ. ನಡುವ ನಿಲ್ಲಿಸಬ್ಯಾಡ."

"ನಾ ಎಲ್ಲಿ ನಿಲ್ಲಿಸಿದ್ನೆ? ಎತ್ತು ತಾವ ನಿಂತ್ವು," ಎಂದ ಚನ್ನಯ್ಯ.

"ಹಂಗಾರ ಹೋ ಅಂದು ನಿಲ್ಲಿಸಿದ್ದು ಯಾವ ಎತ್ತಪಾ?" ಗುರುಶಾಂತವ್ವ ಕೂತಲ್ಲಿಂದಲೇ ಕೇಳಿದಳು. "ಎಡಗಡೇದೋ, ಬಲಗಡೇದೋ? ಇಷ್ಟು ವರ್ಷ ಮೇವು ಹಾಕೀನಿ, ಒಂದೂ ನನ್ನ ಕೂಡ ಮಾತಾಡಿಲ್ಲ."

ಈ ಸಲದ ನಗೆ ಬೇರೆ ದಿಕ್ಕಿಗೆ ಹರಿಯಿತು. ಬಾಯಿ ತಪ್ಪಿ ಬಂದಿರಬೇಕು ಎಂದು ಚನ್ನಯ್ಯ ಅಂದದ್ದು ತನ್ನದೇ ದನಿಯಲ್ಲಿ. ಹೊರಟಿದ್ದ ಅಂದಾನಪ್ಪ ನಿಂತ. ತಾಯಿಯ ಮುಖ ನೋಡಿದ, ಕೆಸರು ಮೆತ್ತಿದ ಹುಡುಗನನ್ನು ನೋಡಿದ, ಆಮೇಲೆ ಮೂಲೆಯ ಕೆಸರಿನಲ್ಲಿ ಹಲಗೆ ಬಿಟ್ಟುಹೋದ, ಇನ್ನೂ ಕೂಡಿಕೊಳ್ಳದ ಆ ಬಾಗಿದ ಗೆರೆಯನ್ನು ಬಹಳ ಹೊತ್ತು ನೋಡಿದ. ಗದ್ದೆಗಿಳಿದು ಚನ್ನಯ್ಯನ ಕೈಯಿಂದ ಬಾರುಕೋಲು ತೆಗೆದುಕೊಂಡ. ಚನ್ನಯ್ಯ ಬದು ಹತ್ತಿ, ಆಗಲೇ ಮೇಲೆ ಬಂದಿದ್ದ ಮಧುಕೇಶ್ವರನ ಪಕ್ಕದಲ್ಲೇ ನಿಲ್ಲಬೇಕಾಯಿತು, ಬೇರೆ ಜಾಗವಿರಲಿಲ್ಲ.

ನೇರ ದಾರಿಯಲ್ಲಿ ನೀಲಗಂಗವ್ವ ಹಗ್ಗ ಹಿಡಿದೇ ಇದ್ದಳು. ಅವಳ ಕಾಲ್ಬೆರಳು ಒದ್ದೆ ಮರವನ್ನು ಕಚ್ಚಿದ್ದವು.

"ಅಪ್ಪಾ, ಬಿರುಸು ನಡಸು," ಎಂದಳು. ಮೂಲೆ ಹತ್ತಿರ ಬಂದಾಗ ಹಗ್ಗವನ್ನು ಕೈಬಿಟ್ಟಳು.

ಹಲಗೆ ಬೀಸಿತು. ಅವಳ ಮೊಣಕಾಲು ಬಾಗಿದವು. ಬದುವಿನ ಮೇಲೆ ಮಧುಕೇಶ್ವರ ಅವಳ ಜೊತೆ ಎಡಕ್ಕೆ ವಾಲಿದ, ಗುರುಶಾಂತವ್ವ ಕೂತಲ್ಲೇ ವಾಲಿದಳು, ಸಾಲಿನಲ್ಲಿದ್ದವರೆಲ್ಲ ಒಬ್ಬರ ಹಿಂದೆ ಒಬ್ಬರು ವಾಲಿದರು. ಎಲ್ಲರಿಗಿಂತ ಹೆಚ್ಚು ವಾಲಿದ್ದವನು ಚನ್ನಯ್ಯ. ಅವನ ಎರಡೂ ಕೈ ತಾವಾಗಿಯೇ ಚಾಚಿಕೊಂಡಿದ್ದವು. ಬಾಯಿಂದ ಮಾತ್ರ ಯಾವ ಸದ್ದೂ ಬರುತ್ತಿರಲಿಲ್ಲ.